ಹಿರಿಯರ ಮೇಲಿನ ದೌರ್ಜನ್ಯ: ಆರೋಗ್ಯ ಸಿಬ್ಬಂದಿಯ ಅರಿವು ಮತ್ತು ಡಿಜಿಟಲ್ ತರಬೇತಿ

ನೆಚ್ಚಿಕೊಂಡವರ ಕೈಯಿಂದಲೇ ವಯಸ್ಸಾದವರಿಗೆ ಆಗುವ ಹಾನಿಯನ್ನು ಹಿರಿಯರ ಮೇಲಿನ ದೌರ್ಜನ್ಯ ಎನ್ನುತ್ತಾರೆ. ಹಾನಿ ಒಮ್ಮೆ ಆಗಿರಬಹುದು, ದಿನವೂ ಆಗುತ್ತಿರಬಹುದು. ಏನೋ ಮಾಡಿದ್ದರಿಂದ ಆಗಿರಬಹುದು, ಮಾಡಬೇಕಾದ್ದನ್ನು ಮಾಡದೆ ಬಿಟ್ಟಿದ್ದರಿಂದಲೂ ಆಗಿರಬಹುದು. 2002ರ ಟೊರಾಂಟೊ ಘೋಷಣೆಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆ ಬಳಸುವ ವಿವರಣೆಯ ಸಾರ ಇದು. ಹೊಡೆತ, ಬೈಗುಳ, ಲೈಂಗಿಕ ಹಿಂಸೆ, ಪಿಂಚಣಿ ಹಣ ಕಸಿಯುವುದು, ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಳ್ಳುವುದು, ಹೊತ್ತಿಗೆ ಊಟ, ಮಾತ್ರೆ ಕೊಡದಿರುವುದು, ಆಸ್ಪತ್ರೆಗೆ ಸೇರಿಸಿ ತಿರುಗಿ ನೋಡದಿರುವುದು ಎಲ್ಲವೂ ಇದರೊಳಗೆ ಬರುತ್ತವೆ.

ಮನೆಯ ಮಾತು ಹೊರಗೆ ಹೋಗಬಾರದೆಂಬ ಕಟ್ಟು ಬಿಗಿಯಾಗಿರುವ ನಮ್ಮಲ್ಲಿ, ಈ ಸಂಗತಿ ಹೊರಗಿನವರ ಕಣ್ಣಿಗೆ ಬೀಳುವ ಜಾಗ ಮುಖ್ಯವಾಗಿ ದವಾಖಾನೆಯೇ. ಬ್ಯಾಂಕಿಗೆ, ಗುಡಿಗೆ, ನೆಂಟರ ಮನೆಗೆ ಹೋಗುವುದನ್ನು ಬಿಟ್ಟ ಮುದುಕರೂ ಬಿಪಿ ಮಾತ್ರೆಗಾಗಿ ಡಾಕ್ಟರ ಹತ್ತಿರ ಬರುತ್ತಾರೆ, ಇಲ್ಲವೇ ಆಶಾ ಕಾರ್ಯಕರ್ತೆಯೇ ಅವರ ಬಾಗಿಲಿಗೆ ಹೋಗುತ್ತಾಳೆ. ಆರೋಗ್ಯ ಸಿಬ್ಬಂದಿಗೆ ಈ ವಿಷಯದ ತರಬೇತಿ ಬೇಕು ಎಂಬ ವಾದಕ್ಕೆ ಇದೇ ಆಧಾರ. ಸಿಬ್ಬಂದಿಯ ತರಬೇತಿ ಈಗ ಮೊಬೈಲು, ಕಂಪ್ಯೂಟರುಗಳ ಮೂಲಕವೂ ನಡೆಯುತ್ತಿದೆ. ಪುಣೆ ಜಿಲ್ಲೆಯ ಚಾಕಣ ಮತ್ತು ಗಡಿ ಜಿಲ್ಲೆಯಾದ ಬೆಳಗಾವಿಯನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ನೋಡಲಾಗಿದೆ.

ಹಿನ್ನೆಲೆ

ಇದನ್ನು ಮೊದಲು ಲೋಕದ ಗಮನಕ್ಕೆ ತಂದವರು ವೈದ್ಯರೇ. 1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಜಿ. ಆರ್. ಬರ್ಸ್ಟನ್ ಬರೆದ ಪುಟ್ಟ ಪತ್ರವೊಂದು, ಮನೆಯಲ್ಲಿ ಪೆಟ್ಟು ತಿಂದ ಅಜ್ಜಿಯರು ಆಸ್ಪತ್ರೆಗೆ ಬರುತ್ತಿರುವುದನ್ನು ಹೇಳಿತು. ಮಕ್ಕಳ ಮೇಲಿನ ಹಿಂಸೆಯನ್ನು ಗುರುತಿಸುವುದನ್ನು ವೈದ್ಯಲೋಕ ಅಷ್ಟರಲ್ಲಾಗಲೇ ಕಲಿಯತೊಡಗಿತ್ತು. ಮುದುಕರ ವಿಷಯದಲ್ಲಿ ಅದು ಬಹಳ ಹಿಂದೆ ಬಿದ್ದಿತ್ತು, ಇಂದಿಗೂ ಹಿಂದೆಯೇ ಇದೆ. 2006ರಿಂದ ಜೂನ್ 15ನ್ನು ಹಿರಿಯರ ಮೇಲಿನ ದೌರ್ಜನ್ಯದ ಅರಿವಿನ ದಿನವಾಗಿ ಆಚರಿಸುತ್ತ ಬಂದಿದ್ದಾರೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2011ರಲ್ಲಿ ಅದಕ್ಕೆ ಮನ್ನಣೆ ಕೊಟ್ಟಿತು.

28 ದೇಶಗಳ 52 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ 60 ದಾಟಿದ ಆರು ಜನರಲ್ಲಿ ಒಬ್ಬರು ಹಿಂದಿನ ಒಂದು ವರ್ಷದಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯ ಅನುಭವಿಸಿದ್ದರು. ಭಾರತದಲ್ಲಿ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017–18ರಲ್ಲಿ ನಡೆಸಿದ 'ಲಾಸಿ' ಸಮೀಕ್ಷೆಯಲ್ಲಿ ಹಾಗೆ ಹೇಳಿಕೊಂಡವರು ಶೇ. 5ರಷ್ಟು ಮಾತ್ರ. ನಮ್ಮ ಮನೆಗಳು ಅಷ್ಟು ಒಳ್ಳೆಯವೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಸೊಸೆ ಅಡುಗೆಮನೆಯಲ್ಲಿ, ಮಗ ಪಡಸಾಲೆಯಲ್ಲಿ ಇರುವಾಗ ಗೊತ್ತಿಲ್ಲದವರೊಬ್ಬರು ಬಂದು ಕೇಳಿದ ಪ್ರಶ್ನೆಗೆ ಮುದುಕಿ ಏನು ಉತ್ತರ ಕೊಟ್ಟಾಳು?

ದವಾಖಾನೆಯಲ್ಲಿ ಕಾಣುವ ಗುರುತುಗಳು

"ಬಿದ್ದೇನ್ರಿ" ಎಂಬ ಒಂದು ಮಾತಿನಲ್ಲಿ ಬಹಳಷ್ಟು ಮುಚ್ಚಿಹೋಗುತ್ತದೆ. ಮುದುಕರು ನಿಜವಾಗಿಯೂ ಬೀಳುತ್ತಾರೆ. ಅವರ ಚರ್ಮ ತೆಳು. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ವಲ್ಪ ತಗುಲಿದರೂ ಚರ್ಮದಡಿ ರಕ್ತ ಸೋರಿ ಕಪ್ಪಾಗುತ್ತದೆ. ಹೀಗಾಗಿ ಮೈಮೇಲಿನ ಕಂದುಗಳನ್ನು ಕಂಡ ಕೂಡಲೇ ಮಗನನ್ನು ಅಪರಾಧಿಯಾಗಿ ನೋಡುವುದು ಕೆಟ್ಟ ವೈದ್ಯಕೀಯ. ಕ್ಯಾಲಿಫೋರ್ನಿಯಾದಲ್ಲಿ ಲಾರಾ ಮಸ್ಕೆಡಾ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗೊಂದಲದಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ವಯಸ್ಸಾದವರನ್ನು ದಿನದಿನವೂ ಪರೀಕ್ಷಿಸಿದ ಆ ತಂಡಕ್ಕೆ, ಆಕಸ್ಮಿಕವಾಗಿ ಆಗುವ ಕಂದುಗಳಲ್ಲಿ ಶೇ. 90ರಷ್ಟು ಕೈಕಾಲುಗಳ ಮೇಲೆಯೇ ಇರುವುದು ಕಂಡಿತು. ಕುತ್ತಿಗೆ, ಕಿವಿ, ಜನನಾಂಗ, ಪಿರ್ರೆ, ಅಂಗಾಲುಗಳ ಮೇಲೆ ಒಂದೂ ಇರಲಿಲ್ಲ. ಕಂದಿನ ಬಣ್ಣ ನೋಡಿ ಅದು ಎಷ್ಟು ದಿನದ್ದೆಂದು ಹೇಳಲಾಗದು ಎಂಬುದೂ ಗೊತ್ತಾಯಿತು. ಕೆಲವು ಮೊದಲ ದಿನವೇ ಹಳದಿಯಾಗಿದ್ದವು. ಕಿವಿಯ ಹಿಂದೆ ಕಂದು ಕಂಡರೆ ನರ್ಸ್ ಒಂದು ಕ್ಷಣ ನಿಲ್ಲಬೇಕು ಎನ್ನುವುದಕ್ಕೆ ಕಾರಣ ಇಲ್ಲಿದೆ.

ಹೊಡೆತಕ್ಕಿಂತ ಹೆಚ್ಚಾಗಿ ಕಾಣುವುದು ಅಲಕ್ಷ್ಯ. ಸೊಂಟದ ಮೂಳೆ ಮುರಿದು ನಾಲ್ಕು ದಿನವಾದ ಮೇಲೆ ಕರೆತರುವುದು, ಮೂಳೆ ಕಾಣುವಷ್ಟು ಆಳವಾದ ಹಾಸಿಗೆ ಹುಣ್ಣು, ಇನ್ಸುಲಿನ್ ಚೀಟಿ ಇದ್ದರೂ ನಾನೂರು ದಾಟಿದ ಸಕ್ಕರೆ, ಒಣಗಿದ ನಾಲಿಗೆ, ತಿಂಗಳುಗಟ್ಟಲೆ ಕತ್ತರಿಸದ ಉಗುರು. ಪೆಟ್ಟು ಹೇಗಾಯಿತೆಂದು ತಾಯಿ ಒಂದು ಹೇಳಿದರೆ ಜೊತೆಗೆ ಬಂದವರು ಇನ್ನೊಂದು ಹೇಳುವುದು, ರೋಗಿಗೆ ಕೇಳಿದ ಪ್ರತಿ ಪ್ರಶ್ನೆಗೂ ಜೊತೆಗಿದ್ದವರೇ ಉತ್ತರಿಸುವುದು ಕೂಡ ಗುರುತೇ. ಆದರೆ ಸೊರಗಿದ ಮೈಗೆ ಕ್ಯಾನ್ಸರ್ ಕಾರಣವಿರಬಹುದು. ಸೊಸೆ ಬಂಗಾರ ಕದ್ದಳೆಂಬ ದೂರು ಮರೆಗುಳಿ ರೋಗದ ಲಕ್ಷಣವಿರಬಹುದು. ಮರೆಗುಳಿ ರೋಗಿಯ ಮಾತನ್ನು ಆ ಕಾರಣಕ್ಕೆ ತಳ್ಳಿಹಾಕುವುದೂ ಅಷ್ಟೇ ಅಪಾಯ, ಯಾಕೆಂದರೆ ದೌರ್ಜನ್ಯಕ್ಕೆ ಸುಲಭವಾಗಿ ಸಿಗುವವರು ಅವರೇ.

ಸಂಶಯವನ್ನು ಕ್ರಮವಾಗಿ ತೂಗಿ ನೋಡಲು ಕೆನಡಾದ ಮಾರ್ಕ್ ಯಾಫಿ ಮತ್ತು ಸಂಗಡಿಗರು 2008ರಲ್ಲಿ 'ಈಸಿ' ಎಂಬ ಪ್ರಶ್ನಾವಳಿ ರೂಪಿಸಿದರು. ಐದು ಪ್ರಶ್ನೆ ರೋಗಿಗೆ, ಆರನೆಯದು ವೈದ್ಯರು ತಾವು ಕಂಡದ್ದನ್ನು ಗುರುತುಹಾಕಿಕೊಳ್ಳಲಿಕ್ಕೆ. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಬುದ್ಧಿ ನೆಟ್ಟಗಿರುವ ಹಿರಿಯರಿಗಷ್ಟೇ ಅದು ಹೊಂದುತ್ತದೆ. ಎಲ್ಲ ವೃದ್ಧರನ್ನೂ ಹೀಗೆ ಜರಡಿ ಹಿಡಿಯುವುದರಿಂದ ಲಾಭವಿದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2018ರಲ್ಲಿ ಹೇಳಿದೆ. ನಮ್ಮ ಹೊರರೋಗಿ ವಿಭಾಗದ ಸಾಲಿನಲ್ಲಿ ಎಲ್ಲರನ್ನೂ ಕೇಳುವ ಮಾತೇ ಬರುವುದಿಲ್ಲ. ಸಂಶಯ ಬಂದವರನ್ನಾದರೂ ಕೇಳಬೇಕು. ಕೇಳುವ ಮಾತೂ ಊರಿನದಾಗಿರಬೇಕು. "ನಿಮ್ಮ ಮೇಲೆ ಯಾರಾದರೂ ದೌರ್ಜನ್ಯ ನಡೆಸುತ್ತಿದ್ದಾರೆಯೇ" ಎಂದರೆ ಕಲಬುರಗಿ ಕಡೆಯ ಮುದುಕಿಗೆ ಅದು ಕೋರ್ಟಿನ ಪ್ರಶ್ನೆಯಂತೆ ಕೇಳುತ್ತದೆ. "ಯವ್ವಾ, ನಿನ್ನೆ ರಾತ್ರಿ ಏನ್ ಉಂಡ್ರಿ? ಯಾರು ಬಡಿಸಿದ್ರು?" ಎಂದರೆ ಮಾತು ತಾನಾಗಿ ಮುಂದೆ ಹೋಗುತ್ತದೆ.

ಚಾಕಣ

ಚಾಕಣ ಪುಣೆಯಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ನಾಸಿಕ ಹೆದ್ದಾರಿಯ ಮೇಲಿರುವ ಖೇಡ್ ತಾಲ್ಲೂಕಿನ ಊರು. ಈರುಳ್ಳಿ ಪೇಟೆಯಾಗಿ ಹೆಸರಾಗಿದ್ದ ಈ ಊರು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತು ಬಂದ ಮೇಲೆ ಬೇರೆಯೇ ಆಯಿತು. ಬಜಾಜ್ ಆಟೊ, ಮಹೀಂದ್ರ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಬೆಂಜ್ ಕಾರ್ಖಾನೆಗಳೂ ಅವಕ್ಕೆ ಬಿಡಿಭಾಗ ಮಾಡಿಕೊಡುವ ನೂರಾರು ಘಟಕಗಳೂ ಸುತ್ತಲಿನ ಮಹಾಳುಂಗೆ, ನಿಘೋಜೆ, ಕುರುಳಿ, ಖರಾಬವಾಡಿಗಳ ಹೊಲಗಳಲ್ಲಿ ಎದ್ದವು.

ಇಂಥ ಊರಿನ ದವಾಖಾನೆಗೆ ಬರುವ ಹಿರಿಯರು ಎರಡು ಬಗೆಯವರು. ಒಂದು, ಇಲ್ಲಿಯೇ ಹುಟ್ಟಿ ಬೆಳೆದ ರೈತ ಕುಟುಂಬದವರು. ಎಕರೆಗೆ ಇಷ್ಟೆಂದು ಎಣಿಸುತ್ತಿದ್ದ ಜಮೀನು ಗುಂಟೆಗೆ ಇಷ್ಟೆಂದು ಮಾರಾಟವಾಗತೊಡಗಿದಾಗ, 'ಸಾತ್‌ಬಾರಾ' ಪಹಣಿಯಲ್ಲಿ ಹೆಸರಿರುವ ಮುದುಕರ ಸಹಿಗೆ ಮನೆಯಲ್ಲಿ ಬೆಲೆ ಬರುತ್ತದೆ. ಸಹಿ ಬಿದ್ದ ಮರುದಿನ ಆ ಬೆಲೆ ಇಳಿಯುತ್ತದೆ. ಇನ್ನೊಂದು, ದುಡಿಯಲು ಬಂದ ಮಕ್ಕಳ ಬೆನ್ನಿಗೆ ಬಂದವರು. ಮರಾಠವಾಡ, ವಿದರ್ಭ, ಬಿಹಾರ, ಉತ್ತರ ಪ್ರದೇಶಗಳ ಜೊತೆಗೆ ಬೀದರ್, ಕಲಬುರಗಿ, ವಿಜಯಪುರ ಕಡೆಯ ಕುಟುಂಬಗಳೂ ಪುಣೆಯ ಸುತ್ತಲಿನ ಕೈಗಾರಿಕಾ ಪಟ್ಟಿಗೆ ಬಂದಿವೆ. ಬಾಡಿಗೆಯ ಒಂದೇ ಕೋಣೆ, ಗಂಡಹೆಂಡತಿ ಇಬ್ಬರಿಗೂ ಪಾಳಿ ಕೆಲಸ, ಮೂಲೆಯಲ್ಲಿ ಲಕ್ವ ಹೊಡೆದ ತಾಯಿ. ಇಲ್ಲಿ ಆಗುವ ಅಲಕ್ಷ್ಯಕ್ಕೆ ದುರಾಸೆಯ ಹೆಸರು ಕೊಡಲಾಗದು. ಹಗಲಿಡೀ ಬೀಗ ಹಾಕಿದ ಕೋಣೆಯಲ್ಲಿ ಮುದುಕಿ ನೀರಿಲ್ಲದೆ ಇದ್ದದ್ದು ಮಾತ್ರ ನಿಜ. ಮೊದಲನೆಯ ಬಗೆಗೆ ಕಾನೂನು ಬೇಕು, ಎರಡನೆಯದಕ್ಕೆ ಬೇಕಾದದ್ದು ಹಗಲು ಹೊತ್ತು ನೋಡಿಕೊಳ್ಳುವವರು. ತರಬೇತಿ ಪಾಠಗಳು ಈ ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟುವುದೇ ಹೆಚ್ಚು.

ಈ ಎರಡನೆಯ ಗುಂಪನ್ನು ಮುಟ್ಟಲು ಒಂದು ದಾರಿ ಇದೆ. ತಿಂಗಳಿಗೆ 21,000 ರೂ.ವರೆಗೆ ವೇತನ ಪಡೆಯುವ ಕಾರ್ಖಾನೆ ಕಾರ್ಮಿಕರಿಗೆ ಇಎಸ್ಐ ಎಂಬ ಸರ್ಕಾರಿ ವಿಮೆ ಅನ್ವಯಿಸುತ್ತದೆ. ಕಾರ್ಮಿಕನನ್ನೇ ಅವಲಂಬಿಸಿರುವ ತಂದೆತಾಯಿಯೂ ಅದರ ವೈದ್ಯಕೀಯ ಸೌಲಭ್ಯಕ್ಕೆ ಬಾಧ್ಯರು. ಹೀಗಾಗಿ ಇಎಸ್ಐ ದವಾಖಾನೆಯ ಸಿಬ್ಬಂದಿಗೆ ಈ ತರಬೇತಿ ಮೊದಲು ಸಿಗಬೇಕಿತ್ತು ಎನಿಸುತ್ತದೆ. ಉಳಿದವರು ಚಾಕಣದ ಗ್ರಾಮೀಣ ರುಗ್ಣಾಲಯಕ್ಕೆ ಬರುತ್ತಾರೆ. ಅಲ್ಲಿ ಆಗದಿದ್ದರೆ ಪಿಂಪ್ರಿಯ ವೈಸಿಎಂ ಆಸ್ಪತ್ರೆ, ಅದಕ್ಕೂ ಆಚೆ ಪುಣೆಯ ಸಸೂನ್. ಪ್ರತಿ ಹಂತದಲ್ಲೂ ರೋಗಿಯ ಚೀಟಿ ಹೊಸದಾಗುತ್ತದೆ. ಮೊದಲ ದವಾಖಾನೆಯಲ್ಲಿ ಯಾರೋ ಗಮನಿಸಿದ್ದ ಕಂದಿನ ಸಂಗತಿ ಮೂರನೆಯದಕ್ಕೆ ತಲುಪುವುದಿಲ್ಲ.

ಸಂಶಯ ಬಂದ ಮೇಲೆ ಹೋಗಬೇಕಾದ ಕಚೇರಿಗಳೂ ಹರಡಿಕೊಂಡಿವೆ. ಪೊಲೀಸ್ ವ್ಯವಹಾರಕ್ಕೆ ಚಾಕಣ 2018ರಲ್ಲಿ ಹುಟ್ಟಿದ ಪಿಂಪ್ರಿ–ಚಿಂಚವಡ ಆಯುಕ್ತಾಲಯಕ್ಕೆ ಸೇರಿದೆ. ಜೀವನಾಂಶದ ಅರ್ಜಿಗೆ ಹೋಗಬೇಕಾದದ್ದು ಜನ 'ಪ್ರಾಂತ' ಎಂದು ಕರೆಯುವ ಉಪವಿಭಾಗಾಧಿಕಾರಿಯ ಹತ್ತಿರ. ರಾಜ್ಯದ ವೃದ್ಧಾಪ್ಯ ವೇತನ ಯೋಜನೆಗೆ ಮಹಾರಾಷ್ಟ್ರ ಸರ್ಕಾರ ಕುರುಡು ತಂದೆತಾಯಿಯನ್ನು ಹೊತ್ತ ಮಗನ ಹೆಸರಿಟ್ಟು 'ಶ್ರಾವಣಬಾಳ' ಎಂದು ಕರೆದಿದೆ. ಆ ಹಣವೇ ಎಷ್ಟೋ ಮನೆಯಲ್ಲಿ ಮಗನ ಜೇಬಿಗೆ ಹೋಗುತ್ತದೆ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ನ್ನು ಮಹಾರಾಷ್ಟ್ರದಲ್ಲಿ ನಡೆಸುವುದು ಪುಣೆಯ ಜನಸೇವಾ ಫೌಂಡೇಶನ್.

ಬೆಳಗಾವಿ: ವಾರ್ಡಿನಲ್ಲಿ ಬಿಟ್ಟುಹೋದವರು

ಕನ್ನಡನಾಡಿನಲ್ಲಿ ಈ ವಿಷಯ ದೊಡ್ಡ ಸುದ್ದಿಯಾದದ್ದು 2025ರ ಮಾರ್ಚಿನಲ್ಲಿ. ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಬಿಮ್ಸ್) ಆಸ್ಪತ್ರೆಯೊಂದರಲ್ಲೇ ಮಕ್ಕಳು ಬಿಟ್ಟುಹೋದ ಹಿರಿಯರ 150ಕ್ಕೂ ಹೆಚ್ಚು ಪ್ರಕರಣಗಳಿವೆ, ಇತರ ಸರ್ಕಾರಿ ಸಂಸ್ಥೆಗಳಲ್ಲೂ ಇಂಥವು ನೂರಕ್ಕೂ ಮಿಕ್ಕಿವೆ ಎಂಬ ಸಂಗತಿ ಪರಿಶೀಲನಾ ಸಭೆಯಲ್ಲಿ ಹೊರಬಂತು. ಅಂಥ ಮಕ್ಕಳ ವಿರುದ್ಧ ಉಪವಿಭಾಗಾಧಿಕಾರಿಗೆ ದೂರು ಕೊಡುವಂತೆ ಸಂಸ್ಥೆಗಳ ಮುಖ್ಯಸ್ಥರಿಗೆ ಸೂಚಿಸಲು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲ ಹೇಳಿದರು. ಮಕ್ಕಳ ಹೆಸರಿಗೆ ಮಾಡಿದ ವಿಲ್, ಆಸ್ತಿ ವರ್ಗಾವಣೆ ರದ್ದಾಗಬೇಕೆಂಬುದು ಅವರ ಮಾತಿನ ತಿರುಳು.

ಇದರ ಬಗ್ಗೆ ಎರಡು ಮಾತು ಹೇಳಬೇಕು. ವಿಲ್ ಬರೆದವರು ಬದುಕಿರುವ ತನಕ ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಅದಕ್ಕೆ ಸರ್ಕಾರದ ಹಂಗಿಲ್ಲ. ತೊಡಕಿರುವುದು ನೋಂದಣಿಯಾದ ದಾನಪತ್ರದಲ್ಲಿ. ಎರಡನೆಯದಾಗಿ, ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಉಳಿದುಹೋಗುವವರಲ್ಲಿ ಕಿತ್ತುಕೊಳ್ಳಲು ಆಸ್ತಿಯೇ ಇಲ್ಲದವರು ಅನೇಕರಿರುತ್ತಾರೆ. ಅವರ ಮಕ್ಕಳಿಗೆ ಆಸ್ತಿ ಹೋಗುವ ಭಯ ಹುಟ್ಟಿಸಿ ಪ್ರಯೋಜನವಿಲ್ಲ. ಹಾಗಿದ್ದರೂ ಆ ಸೂಚನೆಯಿಂದ ಒಂದು ಬದಲಾವಣೆ ಆಯಿತು. ಬಿಟ್ಟುಹೋದ ರೋಗಿ ವಾರ್ಡ್ ಸಿಸ್ಟರ್‌ನ ತಲೆನೋವು ಎಂಬಲ್ಲಿಂದ ಸಂಸ್ಥೆಯೇ ಬರೆದು ತಿಳಿಸಬೇಕಾದ ವಿಷಯ ಎಂಬಲ್ಲಿಗೆ ಮಾತು ಬಂತು. ಗಡಿಯಾಚೆಯ ಲಾತೂರ ಜಿಲ್ಲಾ ಪರಿಷತ್ತು ಹಿಡಿದದ್ದು ಇನ್ನೊಂದು ದಾರಿ. ತಂದೆತಾಯಿಯನ್ನು ನೋಡಿಕೊಳ್ಳದ ತನ್ನ ನೌಕರರ ಸಂಬಳದಲ್ಲಿ ಶೇ. 30 ಕಡಿತ ಮಾಡಿ ಹೆತ್ತವರಿಗೆ ಕೊಡುವ ನಿರ್ಣಯವನ್ನು ಅದು 2020ರಲ್ಲಿ ಮಾಡಿತು.

ಬೆಂಗಳೂರಿನಲ್ಲಿ ಕೆಲಸ ಇನ್ನೂ ಮೊದಲೇ ಶುರುವಾಗಿತ್ತು. 1998ರಲ್ಲಿ ಸ್ಥಾಪನೆಯಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರ ಜೊತೆಗೂಡಿ 2002ರಲ್ಲಿ 1090 ಹಿರಿಯರ ಸಹಾಯವಾಣಿ ಆರಂಭಿಸಿತು. ಪೊಲೀಸ್ ಕಚೇರಿಯಲ್ಲಿ ಆಪ್ತ ಸಲಹೆಗಾರರು ಕೂತು ಮಗ, ಸೊಸೆ, ಹಿರಿಯರನ್ನು ಕರೆಸಿ ಮಾತಾಡಿಸುವ ಆ ಪದ್ಧತಿಯ ಗುಟ್ಟು ಜಾಗದಲ್ಲಿದೆ. ಎಫ್ಐಆರ್ ಬೇಡವೆನ್ನುವ ತಾಯಿಗೂ ಮಗ ಒಂದಿಷ್ಟು ಹೆದರಲಿ ಎಂಬ ಆಸೆ ಇರುತ್ತದೆ.

ಸಿಬ್ಬಂದಿಗೆ ಬೇಕಾದಷ್ಟು ಕಾನೂನು

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಂತೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ತಿಂಗಳಿಗೆ 10,000 ರೂ. ಮೀರದಂತೆ ಜೀವನಾಂಶ ಕೊಡಿಸಬಹುದು. ನೋಟಿಸು ತಲುಪಿದ 90 ದಿನದಲ್ಲಿ ಅರ್ಜಿ ಇತ್ಯರ್ಥವಾಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯರಿಗೆ ಪ್ರತ್ಯೇಕ ಸರತಿ ಇರಬೇಕೆಂದು 20ನೇ ಕಲಮು ಹೇಳುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಹಿಂಪಡೆಯಲು 23ನೇ ಕಲಮು. ಹಿರಿಯರನ್ನು ತೊರೆದರೆ 24ರ ಪ್ರಕಾರ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ. 23ನೇ ಕಲಮು ಅನ್ವಯಿಸಲು ಷರತ್ತು ಇದ್ದದ್ದು ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತ್ತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಹಿರಿಯರ ಪರವಾಗಿ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದಿತು. ಸೊಸೆಯ ಹಕ್ಕೂ ಇದೆ. ಬೆಂಗಳೂರಿನ ಪ್ರಕರಣವಾದ ಎಸ್. ವನಿತಾ ತೀರ್ಪು (2020), ಈ ಕಾಯ್ದೆಯನ್ನು ಬಳಸಿ ಕೌಟುಂಬಿಕ ಹಿಂಸೆ ಕಾಯ್ದೆ ಕೊಟ್ಟ ವಾಸದ ಹಕ್ಕನ್ನು ಸುಮ್ಮನೆ ಅಳಿಸಿಹಾಕುವಂತಿಲ್ಲ ಎಂದಿದೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ವರದಿ ಮಾಡಲೇಬೇಕೆಂದು ಪೋಕ್ಸೊ ಕಾಯ್ದೆ ಹೇಳುತ್ತದೆ. 2007ರ ಕಾಯ್ದೆಯಲ್ಲಿ ವೈದ್ಯರಿಗೆ ಅಂಥ ಹೊಣೆ ಹೊರಿಸಿಲ್ಲ. ಹೊರಿಸದಿದ್ದದ್ದು ಪೂರ್ತಿ ಕೆಟ್ಟದ್ದೇನಲ್ಲ. ಬುದ್ಧಿ ನೆಟ್ಟಗಿರುವ ಎಪ್ಪತ್ತರ ಹೆಂಗಸು "ಬ್ಯಾಡ್ರಿ, ಮನಿ ಮರ್ಯಾದಿ ಹೋಗ್ತದ" ಎಂದರೆ ಆಕೆಯನ್ನು ಮಗುವಿನಂತೆ ನಡೆಸಿಕೊಳ್ಳಲಾಗದು. ಆದರೆ ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಕೇಸ್ ಷೀಟಿನಲ್ಲಿ ಬರೆದಿಡಬಹುದು. ಆರು ತಿಂಗಳ ಮೇಲೆ ಆಕೆಯೇ ಮನಸ್ಸು ಬದಲಿಸಿದಾಗ ಆ ಎರಡು ಸಾಲು ನ್ಯಾಯಮಂಡಳಿಯ ಮುಂದೆ ಸಾಕ್ಷಿಯಾಗುತ್ತದೆ.

ಡಿಜಿಟಲ್ ತರಬೇತಿ

ಬ್ರಿಟನ್ನಿನಲ್ಲಿ ದುರ್ಬಲ ವಯಸ್ಕರ ರಕ್ಷಣೆಯ ಪಾಠ ಆರೋಗ್ಯ ಸಿಬ್ಬಂದಿಗೆ ಹಂತಹಂತವಾಗಿ ನಿಗದಿಯಾಗಿದೆ. ಅದರ ಬಹುಭಾಗ ಆನ್‌ಲೈನ್; ಆಸ್ಪತ್ರೆಯ ಸ್ವಾಗತಕಾರರಿಗೂ ಮೊದಲ ಹಂತ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 'ವಾಯ್ಸಸ್' ಎಂಬ ಟ್ಯಾಬ್ಲೆಟ್ ಸಾಧನ ರೂಪಿಸಿದ್ದಾರೆ. ತುರ್ತು ವಿಭಾಗದಲ್ಲಿ ಹಿರಿಯರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಪರದೆಯೊಡನೆಯೇ ಪ್ರಶ್ನೋತ್ತರ ನಡೆಸಿ, ಬೇಕೆನಿಸಿದರೆ ತಮ್ಮ ಸ್ಥಿತಿಯನ್ನು ಹೇಳಿಕೊಳ್ಳಬಹುದು. ಜೊತೆಗೆ ಬಂದವರಿಗೆ ಕೇಳಿಸುವುದಿಲ್ಲ ಎಂಬುದೇ ಅದರ ದೊಡ್ಡ ಗುಣ.

ಭಾರತದಲ್ಲಿ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010–11ರಲ್ಲಿ ಆರಂಭವಾಯಿತು. 2019ರ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಹಿರಿಯರ ಒಂಟಿತನ, ದೌರ್ಜನ್ಯದಂಥ ಸಾಮಾಜಿಕ ತೊಂದರೆಗಳ ಪಾಠ ಸೇರಿತು. ಆನ್‌ಲೈನ್ ಕಲಿಕೆಗೆ ರೂಢಿ ಹಾಕಿದ್ದು ಕೊರೊನಾ. 2020ರ ಏಪ್ರಿಲಿನಲ್ಲಿ ಸರ್ಕಾರದ ದೀಕ್ಷಾ ಕಲಿಕಾ ವೇದಿಕೆಯ ಮೇಲೆ ಬಂದ ಐಗಾಟ್ ತರಬೇತಿಯ ಮೂಲಕ ನರ್ಸ್, ಆಶಾ, ಎಎನ್ಎಂಗಳು ಮೊಬೈಲಿನಲ್ಲೇ ಪಾಠ ಮುಗಿಸಿ ಪ್ರಮಾಣಪತ್ರ ಪಡೆಯುವುದನ್ನು ಕಲಿತರು. ವೇದಿಕೆ ಈಗ ಕೈಯಲ್ಲಿದೆ. ಅದರ ಮೇಲೆ ಏನು ಇಡಬೇಕು ಎಂಬುದು ಪ್ರಶ್ನೆ.

ಬೆಂಗಳೂರಿನ ನಿಮ್ಹಾನ್ಸ್ ಅನುಸರಿಸುವ 'ಎಕೊ' ಮಾದರಿ ಈ ವಿಷಯಕ್ಕೆ ಹೆಚ್ಚು ಒಗ್ಗುತ್ತದೆ. 2003ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಸಂಜೀವ್ ಅರೋರಾ ಶುರುಮಾಡಿದ ಈ ಕ್ರಮದಲ್ಲಿ ದೂರದೂರದ ವೈದ್ಯರು ವೀಡಿಯೊ ಮೂಲಕ ಸೇರುತ್ತಾರೆ, ತಮ್ಮಲ್ಲಿಯ ರೋಗಿಯೊಬ್ಬರ ಪ್ರಕರಣವನ್ನು ಹೆಸರು ಹೇಳದೆ ಮುಂದಿಡುತ್ತಾರೆ, ಪರಿಣತರು ಮತ್ತು ಸಹೋದ್ಯೋಗಿಗಳು ಚರ್ಚಿಸುತ್ತಾರೆ. ಹಿರಿಯರ ಮೇಲಿನ ದೌರ್ಜನ್ಯದಲ್ಲಿ ಒಂದು ಪ್ರಕರಣದಂತೆ ಇನ್ನೊಂದಿರುವುದಿಲ್ಲ. ಚಾಕಣದ ವೈದ್ಯಾಧಿಕಾರಿಗೆ ಬೇಕಾದದ್ದು, ತನ್ನ ಮುಂದಿರುವ ಅಜ್ಜಿಯನ್ನು ಸಂಜೆ ಮನೆಗೆ ಕಳಿಸಬೇಕೋ ಬೇಡವೋ ಎಂದು ಯೋಚಿಸುವಾಗ ಜೊತೆಗೆ ಯೋಚಿಸುವ ನಾಲ್ಕು ಜನ. ಮುಂದೆ, ಮುಂದೆ ಎಂದು ಒತ್ತುತ್ತ ಹೋಗಿ ಕೊನೆಗೆ ಹತ್ತು ಬಹುಆಯ್ಕೆ ಪ್ರಶ್ನೆಗೆ ಉತ್ತರಿಸುವ ಪಾಠದಿಂದ ಅದು ಸಿಗದು. 2016ರ ಕಾಕ್ರೇನ್ ಪರಿಶೀಲನೆಗೆ ಇಡೀ ಜಗತ್ತಿನಲ್ಲಿ ಸಿಕ್ಕ ತಕ್ಕ ಅಧ್ಯಯನಗಳು ಏಳೇ. ಶಿಕ್ಷಣದಿಂದ ಸಿಬ್ಬಂದಿಯ ತಿಳಿವಳಿಕೆ ಹೆಚ್ಚಬಹುದು, ಅದರಿಂದ ದೌರ್ಜನ್ಯ ಇಳಿಯುತ್ತದೆಯೇ ಎಂಬುದು ಸ್ಪಷ್ಟವಿಲ್ಲ ಎಂದು ಅದು ಹೇಳಿತು. ನೋಡುವ ಕಣ್ಣು ಬಂದರೂ ನೋಡಿದ ಮೇಲೆ ಕಳಿಸಲು ಜಾಗವಿಲ್ಲದಿದ್ದರೆ ಸಿಬ್ಬಂದಿ ಕೆಲವೇ ತಿಂಗಳಲ್ಲಿ ನೋಡುವುದನ್ನು ಬಿಡುತ್ತಾರೆ. ಆದ್ದರಿಂದ ಪ್ರತಿ ತಾಲ್ಲೂಕಿನ ಪಾಠದಲ್ಲಿ ಆ ತಾಲ್ಲೂಕಿನ ಪ್ರಾಂತ ಕಚೇರಿ, ವೃದ್ಧಾಶ್ರಮ, ಠಾಣೆಯ ವಿವರ ಇರಬೇಕು. ಡಿಜಿಟಲ್ ಪಾಠಕ್ಕೆ ಅಚ್ಚಾದ ಪುಸ್ತಕಕ್ಕಿಲ್ಲದ ಅನುಕೂಲ ಇರುವುದು ಇಲ್ಲಿಯೇ.

ಇನ್ನು ಕೆಲವು ಸಣ್ಣ ವಿಷಯಗಳು ದೊಡ್ಡ ಫಲ ಕೊಡುತ್ತವೆ. ಆಶಾ ಕಾರ್ಯಕರ್ತೆ ಮನೆಮನೆಯಲ್ಲಿ ತುಂಬುವ ಸಿಬ್ಯಾಕ್ ಎಂಬ ಆರೋಗ್ಯ ಪ್ರಶ್ನೆಗಳ ಪಟ್ಟಿ 60 ದಾಟಿದವರನ್ನು ನಡಿಗೆ ತಡವರಿಸುತ್ತದೆಯೇ, ದಿನದ ಕೆಲಸಕ್ಕೆ ಬೇರೆಯವರ ನೆರವು ಬೇಕೇ, ಹತ್ತಿರದವರ ಹೆಸರು ಮರೆಯುತ್ತದೆಯೇ ಎಂದು ಕೇಳುತ್ತದೆ. ಆ ನೆರವು ಸಿಗುತ್ತಿದೆಯೇ ಎಂಬ ಒಂದು ಪ್ರಶ್ನೆ ಅಲ್ಲಿ ಸೇರಬಹುದು. ಇ–ಸಂಜೀವಿನಿಯಂಥ ದೂರವೈದ್ಯದಲ್ಲಿ ಫೋನು ಹಿಡಿದಿರುವವನು ಮಗನೇ ಇರಬಹುದು. ಅವನಿಗೆ ತಿಳಿಯದಂತೆ, ಹೌದು, ಇಲ್ಲ ಎಂಬಷ್ಟರಲ್ಲೇ ಉತ್ತರ ಬರುವಂತೆ ಕೇಳುವುದನ್ನು ಡಾಕ್ಟರು ಕಲಿಯಬೇಕು. ಕಂದಿನ ಫೋಟೊ ತೆಗೆದು ವಾಟ್ಸ್ಯಾಪ್ ಗುಂಪಿನಲ್ಲಿ "ಒಪಿನಿಯನ್ ಪ್ಲೀಸ್" ಎಂದು ಹಾಕುವ ಚಟ ಬಿಡಬೇಕು. ಒಪ್ಪಿಗೆ ಪಡೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರ ಆಸ್ಪತ್ರೆಯ ದಾಖಲೆಯಲ್ಲಿರಬೇಕು, ಸ್ವಂತ ಮೊಬೈಲಿನಲ್ಲಲ್ಲ. "ಡ್ರೆಸ್ಸಿಂಗ್ ಬದಲಿಸಬೇಕು, ಸ್ವಲ್ಪ ಹೊರಗ ಇರ್ರಿ" ಎಂದು ಜೊತೆಯವರನ್ನು ಕಳಿಸಿ ಎರಡು ನಿಮಿಷ ಸಂಪಾದಿಸುವುದನ್ನು ವೀಡಿಯೊದಲ್ಲಿ ತೋರಿಸಬಹುದು. ಚಾಕಣದಲ್ಲಿ ಅದು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬೇಕು. ಮೊಮ್ಮಗನನ್ನು ದುಭಾಷಿಯಾಗಿ ನಿಲ್ಲಿಸಿಕೊಂಡು ಮನೆಯ ಹಿಂಸೆ ಕೇಳಲಾಗುವುದಿಲ್ಲ.

ತರಬೇತಿ ಪಡೆಯುವವರು ಇಷ್ಟಪಡದ ಪಾಠವೊಂದಿದೆ. ವೃದ್ಧಾಶ್ರಮ, ಶುಶ್ರೂಷಾಲಯಗಳ ಸಿಬ್ಬಂದಿಯಲ್ಲಿ ಮೂವರಲ್ಲಿ ಇಬ್ಬರು ಹಿಂದಿನ ವರ್ಷದಲ್ಲಿ ತಾವೇ ಯಾವುದಾದರೊಂದು ಬಗೆಯ ದೌರ್ಜನ್ಯ ಎಸಗಿದ್ದಾಗಿ ಒಪ್ಪಿಕೊಂಡಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ವಾರ್ಡುಗಳಲ್ಲಿ ಕೈ ಮಂಚಕ್ಕೆ ಕಟ್ಟುವುದು, ಶೌಚಕ್ಕೆ ಕರೆದೊಯ್ಯುವ ಬದಲು ಡೈಪರ್ ಹಾಕಿಬಿಡುವುದು, "ಏ ಮುದುಕಾ, ಸುಮ್ನ ಮಲಗು" ಎಂದು ಗದರುವುದು ಯಾರಿಗೂ ದೌರ್ಜನ್ಯ ಎನಿಸುವುದಿಲ್ಲ. ಅರವತ್ತು ಹಾಸಿಗೆಗೆ ಇಬ್ಬರು ನರ್ಸಿದ್ದಾಗ ಇದಕ್ಕೆ ಯಾರ ಸ್ವಭಾವವನ್ನೂ ದೂರಲಾಗದು. ಆ ಅಧ್ಯಾಯವನ್ನು ಆಸ್ಪತ್ರೆಯ ಆಡಳಿತದವರೂ ಓದಬೇಕು. ಮನೆಯಲ್ಲಿ ನೋಡಿಕೊಳ್ಳುವವರ ಸ್ಥಿತಿಯೂ ಹೀಗೆಯೇ. ಎಂಬತ್ತೈದರ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ ಅರವತ್ತಾಗಿರುತ್ತದೆ, ಆಕೆಗೂ ಮಂಡಿ ನೋವು. ಆಕೆಯನ್ನು ಕೂರಿಸಿ "ನಿಮಗ ನಿದ್ದಿ ಆಗ್ತದೇನ್ರಿ" ಎಂದು ಕೇಳುವುದೂ ದೌರ್ಜನ್ಯ ತಡೆಯುವ ಕೆಲಸವೇ.

14567 ಸಹಾಯವಾಣಿ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕೆಲಸ ಮಾಡುತ್ತದೆ. ಅದರಾಚೆಗೆ ಬರುವವರಿಗೆ 112, ಮಹಿಳೆಯರಿಗೆ 181 ಇವೆ. ರಾತ್ರಿ ಪಾಳಿಯ ನರ್ಸ್‌ಗೆ ಮೊದಲು ಕಲಿಸಬೇಕಾದ ಸಂಖ್ಯೆಗಳು ಇವು.